ಎರಡೂವರೆ ನಿಮಿಷದ ಪಾಠಶಾಲೆ

ಹದಿನೈದು ವರ್ಷಗಳ ಕಾಲ ಶಾಲೆ ಕಾಲೇಜುಗಳಲ್ಲಿ ಇಂಗ್ಲಿಷನ್ನು ಓದಿ, ಮಿಲ್ಟನ್ ಕವಿಯ ಮಹಾಕಾವ್ಯದ ಮೇಲೆ ಪ್ರಬಂಧ ಬರೆದು, ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದ ನಮ್ಮವನೊಬ್ಬನು, ಪರಸ್ಥಳದ ಹೋಟೆಲಿನ ಕೋಣೆಯಲ್ಲಿ ನಲ್ಲಿ ಸೋರುತ್ತಿರುವುದನ್ನೋ, ಬೀರುವಿನ ಬಾಗಿಲು ಸಿಕ್ಕಿಕೊಂಡಿರುವುದನ್ನೋ, ಬಚ್ಚಲಿನ ನೀರು ಹರಿದುಹೋಗದೆ ನಿಂತಿರುವುದನ್ನೋ ಅಲ್ಲಿಯ ನೌಕರನಿಗೆ ಇಂಗ್ಲಿಷಿನಲ್ಲಿ ತಿಳಿಸಬೇಕಾಗಿ ಬಂದಾಗ ಕ್ಷಣಕಾಲ ಮೂಕನಾಗಿ ನಿಲ್ಲುವುದು ಅಪರೂಪದ ಸಂಗತಿಯೇನಲ್ಲ. ‘ಮೆಲಂಕಲಿ’ ಎಂಬ ಪದ ಅವನ ನಾಲಗೆಗೆ ಸುಲಭವಾಗಿ ಒದಗೀತು. ಬಾಗಿಲು ‘ಸ್ಟಕ್’ ಆಗಿದೆ ಎಂಬುದು ಒದಗದು. ದೋಷ ಅವನದಲ್ಲ. ಇಂಗ್ಲಿಷು ನಮ್ಮ ದೇಶಕ್ಕೆ ನ್ಯಾಯಾಲಯದ ಕಟಕಟೆಯಿಂದ, ಕಚೇರಿಯ ಕಡತದಿಂದ, ಕಾಲೇಜಿನ ವೇದಿಕೆಯಿಂದ ಇಳಿದುಬಂದಿತೇ ಹೊರತು, ಅಡುಗೆಮನೆಯಿಂದಲೋ ಅಂಗಳದಿಂದಲೋ ಒಳಹೊಕ್ಕದ್ದಲ್ಲ. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದನ್ನು ನಿರ್ದಾಕ್ಷಿಣ್ಯವಾಗಿ ಕಲಿಸಿತು; ಊಟಕ್ಕೆ ಕುಳಿತವನು ಪಕ್ಕದವನಿಂದ ಉಪ್ಪಿನ ಬಟ್ಟಲನ್ನು ಕೇಳಿ ಪಡೆಯುವ ಬಗೆಯನ್ನು ಕಲಿಸುವುದು ಅದರ ಉದ್ದೇಶವೇ ಆಗಿರಲಿಲ್ಲ.

ನಿತ್ಯವ್ಯವಹಾರಕ್ಕೆ ಬೇಕಾದ ಪದಗಳಾದರೂ ಎಷ್ಟು? ಈ ಲೆಕ್ಕವನ್ನು ಶ್ರದ್ಧೆಯಿಂದ ಹಾಕಿದವರಲ್ಲಿ ಒಬ್ಬರಾದ ಮೈಕೆಲ್ ವೆಸ್ಟ್ ಅವರು ನಮ್ಮ ಉಪಖಂಡದಲ್ಲಿಯೇ, ಢಾಕಾದ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿ, ಕೆಲಸ ಮಾಡಿದವರು. ಬಂಗಾಳದ ಹುಡುಗರ ಪಠ್ಯಪುಸ್ತಕಗಳಲ್ಲಿ ಜೀವಮಾನದಲ್ಲಿ ಒಮ್ಮೆಯೂ ಉಪಯೋಗಕ್ಕೆ ಬಾರದ ಪದಗಳು ಗುಂಪುಗೂಡಿರುವುದನ್ನು ಕಂಡು, ಹೊಸ ಪದಗಳನ್ನು ಮಿತವಾಗಿ ಕೊಟ್ಟು, ಕೊಟ್ಟದ್ದನ್ನು ಮತ್ತೆ ಮತ್ತೆ ಎದುರಿಗೆ ತರುವ ವಾಚಿಕೆಗಳನ್ನು ಅವರು ರಚಿಸಿದರು. 1953ರಲ್ಲಿ ಅವರು ಸಂಪಾದಿಸಿದ ಸಾಮಾನ್ಯ ಬಳಕೆಯ ಪಟ್ಟಿಯಲ್ಲಿ ಇದ್ದುದು ಸುಮಾರು 2000 ಪದಗಳು. ಅದಕ್ಕೂ ಮುಂಚೆ, 1930ರಲ್ಲಿ, ಆಗ್ಡನ್ ಎಂಬ ವಿದ್ವಾಂಸರು 850 ಪದಗಳಲ್ಲಿಯೇ ಇಂಗ್ಲಿಷಿನ ಸಂಸಾರವನ್ನು ನಡೆಸಬಹುದೆಂದು ಸಾಹಸದ ಪ್ರತಿಪಾದನೆ ಮಾಡಿದ್ದುಂಟು. ಇತ್ತೀಚೆಗೆ, 2009ರಲ್ಲಿ, ಸ್ಟುವರ್ಟ್ ವೆಬ್ ಮತ್ತು ಮೈಕೆಲ್ ರಾಜರ್ಸ್ ಎಂಬ ಇಬ್ಬರು ಸಂಶೋಧಕರು 318 ಚಲನಚಿತ್ರಗಳ ಸಂಭಾಷಣೆಯನ್ನು ಜರಡಿಹಿಡಿದು ನೋಡಿ, ಅತ್ಯಂತ ಬಳಕೆಯ 3000 ಪದಕುಟುಂಬಗಳನ್ನು ಬಲ್ಲವನಿಗೆ, ವ್ಯಕ್ತಿಗಳ ಮತ್ತು ಸ್ಥಳಗಳ ಹೆಸರುಗಳೂ ಆಹಾ ಓಹೋಗಳೂ ತಿಳಿದಿವೆಯೆಂದಿಟ್ಟುಕೊಂಡರೆ, ಚಿತ್ರದ ಮಾತಿನಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಪರಿಚಿತವೇ ಆಗಿರುತ್ತದೆಂದು ತೋರಿಸಿದರು. ಸಿನಿಮಾದ ಇಂಗ್ಲಿಷು ಕಾದಂಬರಿಯ ಇಂಗ್ಲಿಷಿನಷ್ಟು ಧನಿಕವಲ್ಲ. ನಿತ್ಯಕ್ಕೆ ಬೇಕಾದವನಿಗೆ ಈ ಬಡತನವೇ ಅನುಕೂಲ.

ಆದರೆ ಚಲನಚಿತ್ರವೊಂದು ಎರಡು ಗಂಟೆಯ ವಸ್ತು. ಕಲಿಯುವವನು ಮೊದಲ ಹತ್ತು ನಿಮಿಷ ಕಿವಿಗೊಟ್ಟು ಕೇಳಿ, ಅನಂತರ ಕಥೆಯ ಸೆಳೆತಕ್ಕೆ ಸಿಕ್ಕಿ, ಮಾತನ್ನು ಬಿಟ್ಟು ಮುಖಗಳನ್ನು ನೋಡತೊಡಗುತ್ತಾನೆ. ಒಂದು ಪದ ಮನಸ್ಸಿನಲ್ಲಿ ನಿಲ್ಲಬೇಕಾದರೆ ಅದನ್ನು ಅನೇಕ ಸಾರಿ, ಅದೇ ದನಿಯಲ್ಲಿ, ಅದೇ ಸಂದರ್ಭದಲ್ಲಿ ಕೇಳಬೇಕು. ಎರಡು ಗಂಟೆಯ ಚಿತ್ರವನ್ನು ಹತ್ತು ಸಾರಿ ನೋಡುವ ವ್ಯವಧಾನ ಗೃಹಸ್ಥರಾದವರಿಗೆ ಎಲ್ಲಿಂದ ಬರಬೇಕು? ಟ್ರೈಲರ್ ಎಂದು ನಾವೆಲ್ಲರೂ ಕರೆಯುವ ಆ ಚಿಕ್ಕ ತುಣುಕಿನ ಯೋಗ್ಯತೆ ಇಲ್ಲಿಯೇ ಇರುವುದು. ಅಮೆರಿಕದ ಚಿತ್ರೋದ್ಯಮ ತಾನೇ ಹಾಕಿಕೊಂಡ ಕಟ್ಟಳೆಯಂತೆ ಅದರ ಅವಧಿ ಬಹುಮಟ್ಟಿಗೆ ಎರಡೂವರೆ ನಿಮಿಷವನ್ನು ಮೀರದು. ಅದರಲ್ಲಿಯ ಮಾತನ್ನೆಲ್ಲ ಬರೆದಿಟ್ಟರೆ ನೋಟ್‌ಬುಕ್ಕಿನ ಒಂದೆರಡು ಪುಟ ತುಂಬೀತು. ಮೇಲಾಗಿ ಆ ಪುಟದ ಒಂದೊಂದು ವಾಕ್ಯವೂ, ಸಂಕಲನಕಾರನು ಇಡೀ ಚಿತ್ರವನ್ನು ಸೋಸಿ, ಕಥೆ ತಿಳಿಯದವನಿಗೂ ಒಂದೇ ಕೇಳುವಿಕೆಯಲ್ಲಿ ಅರ್ಥವಾಗಬೇಕೆಂದು ಆರಿಸಿ ತೆಗೆದದ್ದು. ಪಠ್ಯಪುಸ್ತಕ ಸಮಿತಿಗಳು ವರ್ಷಗಟ್ಟಲೆ ಕುಳಿತು ಮಾಡುವ ಆಯ್ಕೆಯ ಕೆಲಸವನ್ನು ಇಲ್ಲಿ ವ್ಯಾಪಾರಿಯ ಹಿತಾಸಕ್ತಿಯೇ ಮಾಡಿಮುಗಿಸಿದೆ.

ಇದರ ಹುಟ್ಟು ವ್ಯಾಪಾರದಲ್ಲಿಯೇ. 1913ರಲ್ಲಿ ನ್ಯೂಯಾರ್ಕಿನ ಮಾರ್ಕಸ್ ಲೋ ಅವರ ಚಿತ್ರಮಂದಿರಗಳಲ್ಲಿ ಪ್ರಚಾರದ ಕೆಲಸ ನೋಡುತ್ತಿದ್ದ ನಿಲ್ಸ್ ಗ್ರಾನ್‌ಲಂಡ್ ಎಂಬಾತನು, ‘ದಿ ಪ್ಲೆಷರ್ ಸೀಕರ್ಸ್’ ಎಂಬ ಸಂಗೀತ ನಾಟಕದ ತಾಲೀಮನ್ನು ಚಿಕ್ಕದಾಗಿ ಚಿತ್ರೀಕರಿಸಿ ತೆರೆಯ ಮೇಲೆ ತೋರಿಸಿದ್ದನ್ನು ಈ ಪ್ರಕಾರದ ಮೊದಲ ಮಾದರಿಯೆಂದು ಎಣಿಸುವುದು ವಾಡಿಕೆ. ಮೊದಮೊದಲು ಇಂಥ ತುಣುಕುಗಳನ್ನು ಮುಖ್ಯ ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದರು. ಚಿತ್ರ ಮುಗಿದೊಡನೆ ಪ್ರೇಕ್ಷಕರು ಎದ್ದು ಹೋಗುವುದು ಎಲ್ಲ ದೇಶಗಳ ಸ್ವಭಾವವಾದುದರಿಂದ, ಬಾಲವಾಗಿದ್ದದ್ದು ಕ್ರಮೇಣ ಮುಂದಕ್ಕೆ ಬಂದು ತಲೆಯಾಯಿತು. 1919ರಲ್ಲಿ ಸ್ಥಾಪಿತವಾದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಸಂಸ್ಥೆ ಮುಂದಿನ ಕೆಲವು ದಶಕಗಳ ಕಾಲ ಹಾಲಿವುಡ್ಡಿನ ಬಹುಪಾಲು ಟ್ರೈಲರುಗಳನ್ನು ತಯಾರಿಸಿ ಹಂಚಿತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್, ರೆಸಿಡೆನ್ಸಿ ರಸ್ತೆಯ ಗ್ಯಾಲಕ್ಸಿಗಳಲ್ಲಿ ಇಂಗ್ಲಿಷ್ ಚಿತ್ರ ನೋಡುತ್ತಿದ್ದ ನಮ್ಮ ಕಾಲದವರಿಗೆ ‘ಕಮಿಂಗ್ ಸೂನ್’ ಎಂಬ ಎರಡು ಪದಗಳು ಕಂಠಪಾಠವಾಗಿದ್ದುದು ಇದರಿಂದಲೇ. ಆದರೆ ಆಗ ಮಿಂಚಿ ಮಾಯವಾದ ತುಣುಕನ್ನು ಇನ್ನೊಮ್ಮೆ ನೋಡಬೇಕೆಂದರೆ ಇನ್ನೊಂದು ಟಿಕೇಟು ಕೊಳ್ಳಬೇಕಾಗಿತ್ತು. ಈಗ ಆ ಮಂದಿರಗಳು ಒಂದೊಂದಾಗಿ ಮುಚ್ಚಿ, ರೆಕ್ಸ್ ಕೂಡ 2018ರ ಕೊನೆಯ ದಿನದೊಡನೆ ಕೊನೆಗೊಂಡು, ನೂರು ವರ್ಷಗಳ ಟ್ರೈಲರುಗಳೆಲ್ಲ ಮೊಬೈಲಿನಲ್ಲಿ ಉಚಿತವಾಗಿ ಬಂದು ಕುಳಿತಿವೆ. ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಎಳೆಯಬಹುದು, ಮುಕ್ಕಾಲು ವೇಗದಲ್ಲಿ ಕೇಳಬಹುದು.

ಇವುಗಳಲ್ಲಿ ಪಾಠಕ್ಕೆಂದೇ ಹೇಳಿ ಮಾಡಿಸಿದಂತಿರುವುದು ಯಾವುದೆಂದು ಯಾರಾದರೂ ಕೇಳಿದರೆ, ನಾನು ಹಿಂದುಮುಂದು ನೋಡದೆ ಆಲ್ಫ್ರೆಡ್ ಹಿಚ್‌ಕಾಕನ 1960ರ ‘ಸೈಕೋ’ ಚಿತ್ರದ ಟ್ರೈಲರನ್ನು ಹೆಸರಿಸುತ್ತೇನೆ. ಇದು ಸಾಧಾರಣ ಅಳತೆಯದಲ್ಲ, ಆರು ನಿಮಿಷಕ್ಕೂ ಮಿಕ್ಕಿದ್ದು. ಚಿತ್ರದ ದೃಶ್ಯಗಳನ್ನು ತುಂಡು ತುಂಡಾಗಿ ತೋರಿಸುವ ಬದಲು, ನಿರ್ದೇಶಕನೇ ಕಪ್ಪು ಸೂಟಿನಲ್ಲಿ ಹೊಟ್ಟೆ ಮುಂದೆಮಾಡಿಕೊಂಡು ಬಂದು, ಮನೆ ಬಾಡಿಗೆಗೆ ಕೊಡುವ ದಲ್ಲಾಳಿಯ ನಿರ್ಲಿಪ್ತ ಸೌಜನ್ಯದಿಂದ ನಮ್ಮನ್ನು ಒಂದು ಮೋಟೆಲಿನ ಸುತ್ತ, ಅದರ ಹಿಂದಿನ ಹಳೆಯ ಮನೆಯ ಒಳಗೆ ಕರೆದುಕೊಂಡು ಹೋಗುತ್ತಾನೆ. ಹೆದ್ದಾರಿಯಿಂದ ಒಳಸರಿದ ಮೋಟೆಲು, ಮೇಲಂತಸ್ತಿನ ಕಿಟಕಿ, ಮೆಟ್ಟಿಲ ಸಾಲು, ಅದರ ತುದಿ, ಮಹಡಿ, ಮಲಗುವ ಕೋಣೆ, ಹಾಸಿಗೆಯ ಮೇಲೆ ಒತ್ತಿದ ಮೈಯ ಗುರುತು, ಬಟ್ಟೆಯ ಬೀರು, ಆಫೀಸಿನ ಹಿಂದಿನ ಚಿಕ್ಕ ಪಡಸಾಲೆ, ಗೋಡೆಯ ಚಿತ್ರ, ಒಂದನೆಯ ನಂಬರಿನ ಕೋಣೆ, ಅದರ ಬಚ್ಚಲುಮನೆ, ಷವರ್, ಅದರ ಪರದೆ: ನಮ್ಮ ಪಂಡಿತನ ನಾಲಗೆಗೆ ಒದಗದಿದ್ದ ಗೃಹಕೃತ್ಯದ ಪದಗಳೆಲ್ಲ ಇಲ್ಲಿ ಒಂದರ ಹಿಂದೊಂದು ಬರುತ್ತವೆ, ಅಷ್ಟೇ ಅಲ್ಲ, ಒಂದೊಂದು ಪದ ಬಂದಾಗಲೂ ಆ ವಸ್ತು ಕಣ್ಣೆದುರಿಗೇ ಇದ್ದು, ಹಿಚ್‌ಕಾಕನ ದಪ್ಪ ಬೆರಳು ಅದರ ಕಡೆ ತೋರುತ್ತಿರುತ್ತದೆ. ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಆತನ ಮಾತು ನಿಧಾನ, ಉಚ್ಚಾರಣೆ ಸ್ಫುಟ.

ನಮ್ಮ ಪಕ್ಕದ ಮನೆಯ ಹುಡುಗಿ ನರ್ಸಿಂಗ್ ಓದುತ್ತಿರುವವಳು. ಓದು ಮುಗಿದ ಮೇಲೆ ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಹಿಡಿಯಬೇಕೆಂಬುದು ಅವಳ ಇಷ್ಟ, ಅದಕ್ಕೆ ಇಂಗ್ಲಿಷಿನ ಪರೀಕ್ಷೆ ಅಡ್ಡ. ಅವಳ ತಾಯಿಯ ಒತ್ತಾಯದಿಂದ ನನ್ನ ಮುಂದೆ ಬಂದು ಕುಳಿತವಳಿಗೆ ನಾನು ಪುಸ್ತಕ ತೆಗೆಯಬೇಡವೆಂದು ಹೇಳಿ ಈ ಟ್ರೈಲರನ್ನು ಹಾಕಿಸಿದೆ. ಎರಡನೆಯ ಸಾರಿ ಕೇಳುವಷ್ಟರಲ್ಲಿಯೇ ಅವಳು, “ಮೇಷ್ಟ್ರೇ, ಈ ತಾತ ಒಂದು ಮಾತನ್ನೂ ಮುಗಿಸೋದೇ ಇಲ್ವಲ್ಲ! ಮುಖ್ಯವಾದ್ದು ಬಂತು ಅನ್ನೋ ಹೊತ್ತಿಗೆ ‘ವೆಲ್’ ಅಂತ ಎಳೆದು, ಬನ್ನಿ ಮುಂದೆ ಹೋಗೋಣ ಅಂತಾನೆ” ಎಂದಳು.

“ನಿಮ್ಮಮ್ಮ ಪಕ್ಕದ ಮನೆಯವರ ವಿಷಯ ಹೇಳುವಾಗ ಎಲ್ಲ ವಾಕ್ಯಗಳನ್ನೂ ಮುಗಿಸುತ್ತಾರೇನಮ್ಮ?” ಎಂದೆ.

ಹುಡುಗಿ ನಕ್ಕಳು, ಆದರೆ ಅವಳು ಕಂಡದ್ದು ಸಣ್ಣ ಸಂಗತಿಯಲ್ಲ. ಬರಹದ ಇಂಗ್ಲಿಷಿನಲ್ಲಿ ಕರ್ತೃ ಕರ್ಮ ಕ್ರಿಯೆಗಳು ಕೂಡಿ ಪೂರ್ಣವಿರಾಮದಲ್ಲಿ ವಾಕ್ಯ ಮುಗಿಯುತ್ತದೆ. ಮನುಷ್ಯರು ಆಡುವ ಇಂಗ್ಲಿಷಿನಲ್ಲಿ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ, ‘ಐ ಸಪೋಸ್’ ಎಂದು ತೂಗಾಡುತ್ತದೆ, ‘ಬೈ ದ ವೇ’ ಎಂದು ಪಕ್ಕಕ್ಕೆ ಸರಿಯುತ್ತದೆ, ‘ವೆಲ್’ ಎಂದು ಉಸಿರೆಳೆದುಕೊಳ್ಳುತ್ತದೆ. ಈ ಉಸಿರಿನ ಪದಗಳಿಗೆ ನಿಘಂಟಿನಲ್ಲಿ ಕೊಟ್ಟಿರುವ ಅರ್ಥ ನಿಷ್ಪ್ರಯೋಜಕ. ನಾವು ‘ಅದೇನೋಪ್ಪ’, ‘ಅಂದ ಹಾಗೆ’, ‘ಇರಲಿ ಬಿಡಿ’ ಎನ್ನುವ ಸ್ಥಳಗಳಲ್ಲಿ ಅವು ಬರುತ್ತವೆಂದು ಕಿವಿಗೆ ಒಮ್ಮೆ ಗೊತ್ತಾದರೆ ಸಾಕು, ಪರಭಾಷೆಯನ್ನು ಆಡುವವನ ಅರ್ಧ ಭಯ ಕಳೆಯುತ್ತದೆ. ಏಕೆಂದರೆ ಭಯವಿರುವುದು ಪದ ಸಿಕ್ಕದ ಆ ಒಂದು ಗಳಿಗೆಯನ್ನು ಹೇಗೆ ತುಂಬುವುದೆಂಬುದರಲ್ಲಿಯೇ.

ಅದೇ ಟ್ರೈಲರಿನಲ್ಲಿ ಇನ್ನೊಂದು ಜಾತಿಯ ಪದಗಳಿವೆ. ಮನೆ ಮಾರಾಟಕ್ಕಿದೆ ಎನ್ನಲು ‘ಅಪ್ ಫಾರ್ ಸೇಲ್’, ಕೋಣೆಯನ್ನು ಅಚ್ಚುಕಟ್ಟು ಮಾಡಿದ್ದಾರೆ ಎನ್ನಲು ‘ಟೈಡೀಡ್ ಅಪ್’, ರಕ್ತವನ್ನು ತೊಳೆದಿದ್ದಾರೆ ಎನ್ನಲು ‘ಕ್ಲೀನ್ಡ್ ಅಪ್’. ಮೇಲಕ್ಕೆ ಎಂಬ ಅರ್ಥದ ಒಂದೇ ಚಿಕ್ಕ ಪದವು ಮೂರೂ ಕಡೆ ಬಂದು, ಒಂದು ಕಡೆಯೂ ಮೇಲಕ್ಕೆ ಎಂಬ ಅರ್ಥವನ್ನು ಕೊಡುವುದಿಲ್ಲ. ಅಪ್, ಔಟ್, ಆಫ್, ಡೌನ್, ಆನ್ ಮುಂತಾದ ಈ ಅಲ್ಪಪ್ರಾಣಿಗಳು ಸಾಮಾನ್ಯ ಕ್ರಿಯಾಪದಕ್ಕೆ ಅಂಟಿಕೊಂಡು ಹುಟ್ಟಿಸುವ ಅರ್ಥಗಳ ಸಂತತಿಯೇ ನಿತ್ಯದ ಇಂಗ್ಲಿಷಿನ ಜೀವಾಳ. ನಮ್ಮ ಓದಿನ ಇಂಗ್ಲಿಷು ಇವುಗಳ ಸ್ಥಾನದಲ್ಲಿ ಲ್ಯಾಟಿನ್ ಮೂಲದ ಗಂಭೀರ ಪದಗಳನ್ನು ಕೂರಿಸಿದೆ: ನಾವು ‘ಡಿಸ್ಕವರ್’ ಮಾಡುತ್ತೇವೆ, ಅವರು ‘ಫೈಂಡ್ ಔಟ್’ ಮಾಡುತ್ತಾರೆ, ನಾವು ‘ಪೋಸ್ಟ್‌ಪೋನ್’ ಮಾಡುತ್ತೇವೆ, ಅವರು ‘ಪುಟ್ ಆಫ್’ ಮಾಡುತ್ತಾರೆ. ಕನ್ನಡಿಗನಿಗೆ ಇದು ಹೊಸ ಚಮತ್ಕಾರವೆಂದು ತೋರಬೇಕಾದ್ದಿಲ್ಲ. ತಿಂದ, ತಿಂದುಬಿಟ್ಟ, ತಿಂದುಹಾಕಿದ, ತಿಂದುಕೊಂಡ ಎಂಬ ನಾಲ್ಕರ ನಡುವಿನ ಭೇದವನ್ನು ಯಾವ ವ್ಯಾಕರಣದ ನೆರವೂ ಇಲ್ಲದೆ ಬಲ್ಲವನು, ಇಂಗ್ಲಿಷಿನವರು ಕ್ರಿಯೆಯ ಹಿಂದೆ ಕಟ್ಟುವ ಈ ಗಂಟುಗಳನ್ನೂ ಕಿವಿಯಿಂದಲೇ ಬಿಚ್ಚಬಲ್ಲನು. ಕೇಳುವ ಅವಕಾಶ ಮಾತ್ರ ಬೇಕು.

ನರ್ಸಿಂಗ್ ಹುಡುಗಿಗೆ ಇದರ ಮಹತ್ವ ನನಗಿಂತ ಬೇಗ ಹೊಳೆಯಿತು. “ಪೇಷಂಟು ‘ಪಾಸ್ಡ್ ಔಟ್’ ಅಂತ ಬರೆದಿದ್ದರೆ ನಾನು ಯಾವ ಕಾಲೇಜಿಂದ ಅಂತ ಕೇಳ್ತಿದ್ದೆ ಮೇಷ್ಟ್ರೇ” ಎಂದು ಅವಳು ಒಂದು ಸಂಜೆ ನಗುತ್ತ ಹೇಳಿದಳು. ನಮ್ಮ ದೇಶದಲ್ಲಿ ಪದವಿ ಪಡೆದು ಹೊರಬಿದ್ದವನು ‘ಪಾಸ್ ಔಟ್’ ಆದವನು. ಇಂಗ್ಲಿಷು ಮನೆಮಾತಾಗಿರುವವರ ಬಾಯಲ್ಲಿ ಪ್ರಜ್ಞೆ ತಪ್ಪಿ ಬಿದ್ದವನು ಸಾಮಾನ್ಯವಾಗಿ ಹಾಗೆನಿಸಿಕೊಳ್ಳುತ್ತಾನೆ. ‘ಪಾಸ್ ಅವೇ’ ಆದವನಂತೂ ಮೂರನೆಯ ಗತಿಯನ್ನು ಪಡೆದವನು. ವಾಂತಿ ಮಾಡಿಕೊಂಡೆ ಎನ್ನಲು ರೋಗಿ ‘ಥ್ರೂ ಅಪ್’ ಎನ್ನುತ್ತಾನೆಯೇ ಹೊರತು ವೈದ್ಯಗ್ರಂಥದ ಪದವನ್ನು ಬಳಸುವುದು ಕಡಿಮೆ. ‘ಲೈ ಡೌನ್’, ‘ಸಿಟ್ ಅಪ್’, ‘ಹೋಲ್ಡ್ ಆನ್’, ‘ವೇಕ್ ಅಪ್’, ‘ಕಾಮ್ ಡೌನ್’ ಮುಂತಾದ ಆದೇಶಗಳು ಆಸ್ಪತ್ರೆಯ ವಾರ್ಡಿನಲ್ಲಿ ಎಷ್ಟು ಸಲ ಕೇಳುತ್ತವೆಯೋ, ಸಾಹಸಚಿತ್ರಗಳ ಟ್ರೈಲರುಗಳಲ್ಲಿಯೂ ಬಹುಶಃ ಅಷ್ಟೇ ಸಲ ಕೇಳುತ್ತವೆ. ಎರಡೂ ಕಡೆ ಜನ ಅಪಾಯದಲ್ಲಿರುವುದೇ ಇದಕ್ಕೆ ಕಾರಣವಾಗಿರಬೇಕು.

ಪದ ಗೊತ್ತಿದ್ದೂ ಕಿವಿಗೆ ಹತ್ತದಿರುವುದು ಬೇರೊಂದು ಸಂಕಟ. ಪುಸ್ತಕದಿಂದ ಕನ್ನಡ ಕಲಿತು ಬಂದ ಹೊರಗಿನವನಿಗೆ ‘ಹೋಗುತ್ತೇನೆ’ ಗೊತ್ತಿದ್ದು ‘ಹೋಗ್ತೀನಿ’ ಗೊತ್ತಾಗದಿದ್ದರೆ, ಧಾರವಾಡದ ‘ಹೊಕ್ಕೇನಿ’ ಕಿವಿಯ ಮೇಲೆ ಬಿದ್ದರೆ, ಅವನ ಅವಸ್ಥೆ ಏನಾದೀತೋ, ‘ಗೋಯಿಂಗ್ ಟು’ ಎಂದು ಓದಿ ‘ಗಾನ’ ಎಂದು ಕೇಳುವ ನಮ್ಮ ಅವಸ್ಥೆಯೂ ಅದೇ. ನಾವು ಅಕ್ಷರ ಅಕ್ಷರಕ್ಕೂ ಅದರ ಪಾಲಿನ ಕಾಲವನ್ನು ಕೊಟ್ಟು ನುಡಿಯುವವರು; ಇಂಗ್ಲಿಷಿನವನಾದರೋ ವಾಕ್ಯದಲ್ಲಿ ಒಂದೆರಡು ಕಡೆ ಭಾರ ಹಾಕಿ, ಉಳಿದುದನ್ನೆಲ್ಲ ನುಂಗಿಕೊಂಡು ಹೋಗುತ್ತಾನೆ. ಎಲ್ಲಿ ಭಾರ, ಎಲ್ಲಿ ನುಂಗುವುದು ಎಂಬುದನ್ನು ಕಾಗದದ ಮೇಲೆ ತೋರಿಸಲು ಧ್ವನಿಶಾಸ್ತ್ರಜ್ಞರು ಚಿಹ್ನೆಗಳನ್ನು ಕಲ್ಪಿಸಿದ್ದಾರೆ. ಅವನ್ನು ಕಲಿಯುವ ಶ್ರಮದಲ್ಲಿ ಹತ್ತು ಟ್ರೈಲರುಗಳನ್ನು ಬಾಯಿಪಾಠ ಮಾಡಬಹುದು.

ಕಣ್ಣಿಗೆ ಪಾಠ ಹೇಳುವ ಟ್ರೈಲರುಗಳೂ ಇವೆ. ಸ್ಟ್ಯಾನ್ಲಿ ಕ್ಯೂಬ್ರಿಕ್ಕನ 1964ರ ‘ಡಾಕ್ಟರ್ ಸ್ಟ್ರೇಂಜ್‌ಲವ್’ ಚಿತ್ರಕ್ಕೆ ಪ್ಯಾಬ್ಲೋ ಫೆರೋ ರಚಿಸಿದ ತುಣುಕಿನಲ್ಲಿ ಪದಗಳು ಒಂಟೊಂಟಿಯಾಗಿ ತೆರೆಯ ತುಂಬ ಬಂದು, ಕಣ್ಣು ಮಿಟುಕಿಸುವುದರೊಳಗೆ ಸರಿದು, ನಡುನಡುವೆ ಚಿತ್ರದ ಮುಖಗಳು ಹಾಯುತ್ತವೆ. ವಾಕ್ಯವನ್ನು ಕಟ್ಟಿಕೊಳ್ಳುವ ಕೆಲಸ ನೋಡುವವನದು. ಫೆರೋ ಕ್ಯೂಬಾದಲ್ಲಿ ಹುಟ್ಟಿ, ಬಾಲ್ಯದಲ್ಲಿ ನ್ಯೂಯಾರ್ಕಿಗೆ ಬಂದವನು. ಇಂಗ್ಲಿಷು ಅವನಿಗೂ ಹುಟ್ಟುಭಾಷೆಯಲ್ಲ. 1979ರ ‘ಏಲಿಯನ್’ ಚಿತ್ರದ ಪ್ರಸಿದ್ಧ ಟ್ರೈಲರು ಇದಕ್ಕೆ ವಿರುದ್ಧವಾದದ್ದು: ಮಾತೇ ಇಲ್ಲ. ಕೊನೆಯಲ್ಲಿ, ಅಂತರಿಕ್ಷದಲ್ಲಿ ಚೀರಿದರೂ ಕೇಳುವವರಿಲ್ಲ ಎಂಬ ಅರ್ಥದ, ಬಾರ್ಬರಾ ಗಿಪ್ಸ್ ಎಂಬಾಕೆ ಬರೆದ ಎಂಟು ಪದಗಳ ಒಂದು ವಾಕ್ಯ ಮಾತ್ರ. ಆ ಎಂಟರಲ್ಲಿ ಮಾಧ್ಯಮಿಕ ಶಾಲೆಯ ಹುಡುಗನಿಗೆ ತಿಳಿಯದ ಪದ ಒಂದೂ ಇಲ್ಲ. ಭಾಷೆಯ ಬಲಕ್ಕೆ ಕಠಿಣ ಪದಗಳು ಅವಶ್ಯವೆಂದು ನಂಬಿರುವ ನಮ್ಮ ಅರ್ಜಿ ಬರೆಯುವವರೆಲ್ಲರೂ ಇದನ್ನು ಒಮ್ಮೆ ನೋಡಬೇಕು.

ಇನ್ನು ಆ ಘನಗಂಭೀರ ಕಂಠ. 1964ರಲ್ಲಿ ‘ಗನ್‌ಫೈಟರ್ಸ್ ಆಫ್ ಕಾಸಾ ಗ್ರಾಂಡೆ’ ಎಂಬ ಚಿತ್ರದ ಪ್ರಚಾರಕ್ಕೆ ಬರಬೇಕಾಗಿದ್ದ ನಿರೂಪಕ ಬಾರದೆ ಹೋದಾಗ, ಬೇರೆ ಕೆಲಸಕ್ಕಿದ್ದ ಡಾನ್ ಲಾಫಾಂಟೇನ್ ಎಂಬ ತರುಣನು ತಾನೇ ಧ್ವನಿ ಕೊಟ್ಟನು. 2008ರಲ್ಲಿ ತೀರಿಕೊಳ್ಳುವುದರೊಳಗಾಗಿ 5000ಕ್ಕೂ ಹೆಚ್ಚು ಟ್ರೈಲರುಗಳಲ್ಲಿ ಆ ಧ್ವನಿ ಮೊಳಗಿತ್ತು. ‘ಇನ್ ಎ ವರ್ಲ್ಡ್’ ಎಂದು ಆರಂಭಿಸಿ ಒಂದು ಲೋಕವನ್ನೇ ಮೂರು ಪದಗಳಲ್ಲಿ ನಿರ್ಮಿಸಿಬಿಡುವುದು ಅವನ ಮುದ್ರೆಯಾಗಿತ್ತು. ಆರಂಭದಲ್ಲಿರುವವರಿಗೆ ಈ ನಿರೂಪಣೆಯ ಟ್ರೈಲರುಗಳು ಉಪಕಾರಿ. ಮಾತು ಸ್ಪಷ್ಟ, ವಾಕ್ಯ ಪೂರ್ಣ, ಹಿನ್ನೆಲೆಯ ಗದ್ದಲ ಅದನ್ನು ಮುಚ್ಚುವುದಿಲ್ಲ. ಆದರೆ ಆ ಧಾಟಿಯನ್ನು ಯಾರೂ ಮಾತಿನಲ್ಲಿ ಅನುಕರಿಸದಿರುವುದು ಕ್ಷೇಮ. ಹೊತ್ತು ಮೀರುತ್ತಿದೆ, ಇನ್ನು ಎಲ್ಲವೂ ಬದಲಾಗಲಿದೆ ಎಂಬುದನ್ನು ಟ್ರೈಲರಿನ ಗಾಂಭೀರ್ಯದಲ್ಲಿ ಬ್ಯಾಂಕಿನ ಕೌಂಟರಿನ ಮುಂದೆ ನಿಂತು ಹೇಳಿದರೆ, ಗುಮಾಸ್ತೆ ಕಾವಲುಗಾರನನ್ನು ಕರೆದಾನು.

ಇದು ತಮಾಷೆಯಾಯಿತು, ನಿಜವಾದ ಕೊರತೆ ಬೇರೆ ಇದೆ, ಮತ್ತು ಈ ಕ್ರಮವನ್ನು ಹೊಗಳುವವರು ಅದನ್ನು ಹೇಳಿದ್ದು ನಾನು ಕಾಣೆ. ಟ್ರೈಲರಿನಲ್ಲಿ ಕ್ಷಣಕ್ಷಣಕ್ಕೂ ಬೆಲೆಯುಂಟು; ಸಂಕಲನಕಾರನು ವಾಕ್ಯದ ಬಲವನ್ನು ಉಳಿಸಿಕೊಂಡು ಉಳಿದುದನ್ನು ಕತ್ತರಿಸುತ್ತಾನೆ. ಹಾಗೆ ಕತ್ತರಿಗೆ ಮೊದಲು ಬಲಿಯಾಗುವುದು ಮರ್ಯಾದೆ. ಕನ್ನಡದಲ್ಲಿ ಗೌರವವು ಕ್ರಿಯಾಪದದ ಮೈಯೊಳಗೇ ಸೇರಿರುತ್ತದೆ. ‘ಬಾ’ ಎಂಬುದಕ್ಕೂ ‘ಬನ್ನಿ’ ಎಂಬುದಕ್ಕೂ ಇರುವ ಅಂತರವನ್ನು ಯಾವ ಕತ್ತರಿಯೂ ತೆಗೆಯಲಾರದು, ತೆಗೆದರೆ ಕ್ರಿಯಾಪದವೇ ಹೋಗುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ದೊರೆಗೂ ಆಳಿಗೂ ಒಂದೇ. ಮರ್ಯಾದೆಯೆಲ್ಲ ಅದರ ಸುತ್ತ ಸೇರಿಸುವ ‘ಪ್ಲೀಸ್’, ‘ಕುಡ್ ಯು’, ‘ವುಡ್ ಯು ಮೈಂಡ್’, ‘ಐ ವಾಸ್ ವಂಡರಿಂಗ್’ ಎಂಬ ಬಿಡಿಪದಗಳಲ್ಲಿ ಇರುತ್ತದೆ, ಮತ್ತು ಬಿಡಿಯಾಗಿರುವುದನ್ನು ಕಿತ್ತುಹಾಕುವುದು ಸುಲಭ. ಆದ್ದರಿಂದ ಟ್ರೈಲರಿನ ಮನುಷ್ಯರು ಸದಾ ‘ಬಾ’, ‘ನಿಲ್ಲು’, ‘ಓಡು’, ‘ಹೇಳು’ ಎಂದು ಆಜ್ಞಾಪಿಸುತ್ತಲೇ ಇರುತ್ತಾರೆ. ಇವರಿಂದ ಮಾತ್ರವೇ ಇಂಗ್ಲಿಷು ಕಲಿತು, ಲಂಡನ್ನಿನ ವಾರ್ಡಿನಲ್ಲಿ ವೃದ್ಧ ರೋಗಿಯೊಬ್ಬನಿಗೆ ‘ಸಿಟ್ ಅಪ್’ ಎಂದಷ್ಟೇ ಹೇಳಿದರೆ, ವ್ಯಾಕರಣದಲ್ಲಿ ತಪ್ಪಿಲ್ಲ, ಪದದಲ್ಲಿ ತಪ್ಪಿಲ್ಲ, ಆದರೂ ರೋಗಿಗೆ ನೋವಾಗುತ್ತದೆ. ಏಕೆ ನೋವಾಯಿತೆಂದು ಹೇಳಿದವಳಿಗೆ ತಿಳಿಯುವುದಿಲ್ಲ. ಹುಡುಗಿಗೆ ಈ ವಿಷಯವನ್ನು ಮಾತ್ರ ನಾನು ಬಾಯಿಬಿಟ್ಟು ಹೇಳಿ, ಆಜ್ಞೆಯ ಒಂದೊಂದು ವಾಕ್ಯಕ್ಕೂ ಅದು ಕಳೆದುಕೊಂಡಿರುವ ಮರ್ಯಾದೆಯನ್ನು ಸೇರಿಸಿ ಬರೆಯುವ ಅಭ್ಯಾಸವನ್ನು ಕೊಟ್ಟೆ. ಪೇಟೆಯ, ಅಂಚೆಯ, ತರಕಾರಿಯ ಪದಗಳೂ ಟ್ರೈಲರಿನಲ್ಲಿ ಸಿಕ್ಕುವುದಿಲ್ಲ. ಕೊತ್ತಂಬರಿ ಸೊಪ್ಪಿಗಾಗಿ ಯಾರೂ ಬಂದೂಕು ಹಿಡಿದು ಓಡುವುದಿಲ್ಲವಷ್ಟೆ. ಆ ಕೊರತೆಯನ್ನು ಅಂಗಡಿಯವರೇ ತುಂಬಿಕೊಡುತ್ತಾರೆ.

ಅಭ್ಯಾಸದ ಕ್ರಮದಲ್ಲಿ ಗಹನವಾದದ್ದೇನೂ ಇಲ್ಲ. ಮೊದಲು ಅಕ್ಷರದ ನೆರವಿಲ್ಲದೆ ಬರಿಯ ಕಿವಿಯಿಂದ ಕೇಳುವುದು. ಆಮೇಲೆ ಅಡಿಬರಹವನ್ನು, ಅದೂ ಇಂಗ್ಲಿಷಿನದನ್ನೇ, ಹಾಕಿಕೊಂಡು ಕೇಳುವುದು. ಕೇಳುವ ಭಾಷೆಯಲ್ಲಿಯೇ ಅಡಿಬರಹವಿದ್ದರೆ ಓದೂ ಗಟ್ಟಿಯಾಗುತ್ತದೆಂಬ ಆಶಯದ ಮೇಲೆ ಅಹಮದಾಬಾದಿನ ಐಐಎಂ ಸಂಸ್ಥೆಯಲ್ಲಿ ಬ್ರಿಜ್ ಕೊಠಾರಿಯವರು 1996ರಿಂದ ನಮ್ಮ ಚಿತ್ರಗೀತೆಗಳಿಗೆ ಆಯಾ ಭಾಷೆಯದೇ ಅಡಿಬರಹ ಕೊಡಿಸುವ ಕೆಲಸದಲ್ಲಿ ತೊಡಗಿದರು; ಅವರ ಗುರಿ ಸಾಕ್ಷರತೆ, ಉಪಾಯ ಮಾತ್ರ ನಮಗೂ ಒದಗುತ್ತದೆ. ಯಂತ್ರ ತಾನಾಗಿ ಬರೆದುಕೊಡುವ ಅಡಿಬರಹವನ್ನು ನೆಚ್ಚಬಾರದು. ಅದಕ್ಕೂ ನಮ್ಮಂತೆಯೇ ಕೆಲವು ಪದಗಳು ಕೇಳಿಸುವುದಿಲ್ಲ. ಆ ಮೇಲೆ ನಟನೊಡನೆ ತಾನೂ, ಅದೇ ವೇಗದಲ್ಲಿ, ಅದೇ ಸಿಟ್ಟಿನಲ್ಲಿ ನುಡಿಯುವುದು. ಮನೆಯವರು ಕದ ಮುಚ್ಚಿಕೊಂಡರೆ ಅಭ್ಯಾಸ ಸರಿಯಾಗಿದೆಯೆಂದು ತಿಳಿಯಬೇಕು. ಬರೆದಿಡುವಾಗ ಪದವನ್ನು ಒಂಟಿಯಾಗಿ ಬರೆಯದೆ, ಅದು ಬಂದ ಇಡೀ ಮಾತನ್ನು ಬರೆಯತಕ್ಕದ್ದು. ಮರೆವಿನ ವೇಗವನ್ನು ಅಳೆದ ಜರ್ಮನಿಯ ಎಬಿಂಗ್‌ಹೌಸನು 1885ರಲ್ಲಿಯೇ ತೋರಿಸಿದಂತೆ ಕಲಿತದ್ದು ಮೊದಲ ದಿನದಲ್ಲಿಯೇ ಬಹುಪಾಲು ಜಾರುವುದರಿಂದ, ಮರುದಿನ ಒಮ್ಮೆ, ವಾರ ಕಳೆದು ಒಮ್ಮೆ ಅದೇ ಟ್ರೈಲರಿಗೆ ಹಿಂದಿರುಗಬೇಕು; ಎರಡೂವರೆ ನಿಮಿಷದ ವಸ್ತುವಾದ್ದರಿಂದ ಇದು ತಪಸ್ಸೇನಲ್ಲ.

ಕನ್ನಡಿಗರಿಗೆ ಇತ್ತೀಚೆಗೆ ಇನ್ನೊಂದು ಸೌಕರ್ಯ ಒದಗಿದೆ. ಬಹುಕಾಲ ನಮ್ಮಲ್ಲಿ ಡಬ್ಬಿಂಗಿಗೆ ತಡೆಯಿದ್ದುದು ಎಲ್ಲರಿಗೂ ತಿಳಿದ ವಿಷಯ. ಅದು ಸಡಿಲಗೊಂಡ ಮೇಲೆ, 2022ರ ಡಿಸೆಂಬರಿನಲ್ಲಿ, ಜೇಮ್ಸ್ ಕ್ಯಾಮರೂನನ ‘ಅವತಾರ್’ ಎರಡನೆಯ ಭಾಗವು ಇಂಗ್ಲಿಷಿನೊಡನೆ ಕನ್ನಡದಲ್ಲಿಯೂ ತೆರೆಕಂಡಿತು. ಇಂಥ ಚಿತ್ರದ ಟ್ರೈಲ‌ರು ಎರಡೂ ಭಾಷೆಗಳಲ್ಲಿ ಸಿಕ್ಕಿದರೆ ಒಂದರ ಹಿಂದೊಂದು ಕೇಳಿನೋಡಬೇಕು. ತುಟಿಯ ಚಲನೆಗೆ ಹೊಂದಬೇಕೆಂಬ ನಿರ್ಬಂಧದಿಂದ ಕನ್ನಡ ಅಲ್ಲಲ್ಲಿ ಕುಂಟಬಹುದು, ಮನೆಯಲ್ಲಿ ಯಾರೂ ಆಡದ ಕನ್ನಡ ಬರಬಹುದು. ಹಾಗೆ ಕುಂಟಿದ ಸ್ಥಳವನ್ನು ಹುಡುಕಿ, ನಮ್ಮ ತಂದೆ ಮಗನಿಗೆ ಆ ಮಾತನ್ನು ಹೇಗೆ ಹೇಳಿಯಾನು ಎಂದು ತಾನೇ ತಿದ್ದಿಕೊಳ್ಳುವುದರಲ್ಲಿ ಎರಡು ಭಾಷೆಗಳೂ ಒಟ್ಟಿಗೆ ಹದಗೊಳ್ಳುತ್ತವೆ.

ಟ್ರೈಲರು ಸತ್ಯವನ್ನೇ ಹೇಳುತ್ತದೆಂದು ಮಾತ್ರ ಯಾರೂ ಭಾವಿಸಬೇಕಾಗಿಲ್ಲ. ‘ಸೈಕೋ’ ಟ್ರೈಲರಿನ ಕೊನೆಯಲ್ಲಿ ಹಿಚ್‌ಕಾಕನು ಪರದೆಯನ್ನು ಸರ್ರನೆ ಎಳೆದಾಗ ಚೀರುವವಳು, ಚಿತ್ರದಲ್ಲಿ ಆ ಸ್ಥಳದಲ್ಲಿ ಕೊಲೆಯಾಗುವ ಜ್ಯಾನೆಟ್ ಲೀ ಅಲ್ಲ. ಅದೇ ಚಿತ್ರದ ಇನ್ನೊಬ್ಬ ನಟಿ ವೀರಾ ಮೈಲ್ಸ್. ಪೂರ್ತಿ ಚಿತ್ರವನ್ನು ನೋಡಿದ ಹುಡುಗಿ ಇದನ್ನು ಕಂಡುಹಿಡಿದು ಬಂದು, “ಬರೀ ಮೋಸ ಮೇಷ್ಟ್ರೇ” ಎಂದಳು. ಚಿತ್ರದ ಮಾತು ಬಹುಮಟ್ಟಿಗೆ ತಿಳಿಯಿತೆಂಬುದನ್ನು ಹೇಳುವುದಕ್ಕೆ ಮರೆತಳು.

ಮರ್ಯಾದೆಯ ಕೊರತೆಗೆ ನನಗೆ ಹೊಳೆದ ಚಿಕಿತ್ಸೆಯೆಂದರೆ, ಟ್ರೈಲರಿನ ಜೊತೆಯಲ್ಲಿಯೇ ಪ್ರಚಾರಕ್ಕಾಗಿ ಬಿಡುವ ನಟನಟಿಯರ ಸಂದರ್ಶನಗಳು. ತೆರೆಯ ಮೇಲೆ ಬಂದೂಕು ಹಿಡಿದು ‘ಮೂವ್’ ಎಂದು ಗರ್ಜಿಸಿದವನೇ ಇಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು, ಕೇಳಿದವರಿಗೆ ‘ಥ್ಯಾಂಕ್ ಯು’ ಹೇಳಿ, ಪ್ರಶ್ನೆ ಕಿವಿಗೆ ಬೀಳದಿದ್ದರೆ ‘ಸಾರಿ, ಕುಡ್ ಯು ಸೇ ದಟ್ ಅಗೇನ್’ ಎಂದು ನಯವಾಗಿ ಕೇಳಿ, ಉತ್ತರಕ್ಕೆ ಮುಂಚೆ ಎರಡು ಸಾರಿ ‘ವೆಲ್’ ಎನ್ನುತ್ತಾನೆ. ಹುಡುಗಿಯನ್ನು ಈಗ ಇವುಗಳ ಮುಂದೆ ಕೂರಿಸಿದ್ದೇನೆ. ಹತ್ತು ನಿಮಿಷ ಬಹಳ ಉದ್ದವಾಯಿತೆಂಬುದು ಅವಳ ದೂರು.